ಪಟ್ಟಿಯಲ್ಲಿ ಟ್ಯಾಂಕೇ ಇಲ್ಲ!

ಗುಂಪು: ತೋಟದ ಮನೆಯವರು

ಬೆಂಗಳೂರು ತಮ್ಮ: (ಫಾರ್ವರ್ಡ್) ಹಳೇ ನಿಂಟೆಂಡೋ ಟಿವಿ ಗೇಮಿನ ಟಾಪ್ 10. 1. ಸೂಪರ್ ಮಾರಿಯೋ 3, 2. ಜೆಲ್ಡಾ, 3. ಮೆಗಾ ಮ್ಯಾನ್ 2, 4. ಪಂಚ್ ಔಟ್, 5. ಮೆಟ್ರಾಯ್ಡ್, 6. ಕಾಸಲ್‌ವೇನಿಯಾ 3, 7. ಕಾಂಟ್ರಾ, 8. ಟೆಟ್ರಿಸ್, 9. ನಿಂಜಾ ಗೈಡನ್, 10. ಸೂಪರ್ ಮಾರಿಯೋ

ಬೆಂಗಳೂರು ತಮ್ಮ: ಯಾರ್‍ಯಾರು ಒಪ್ತೀರಿ? ನಾನಂತೂ ಒಪ್ಪಿದೆ.

ಸಾಗರದಣ್ಣ: ಕಾಂಟ್ರಾ ಏಳನೇದಾ? ಯಾರು ಮಾರಾಯ ಇದನ್ನ ಮಾಡಿದ್ದು

ತೀರ್ಥಹಳ್ಳಿ ಅಕ್ಕ: ಮೊದಲನೇ ಮಾರಿಯೋ ಹತ್ತನೇದಂತೆ. ಕರುಣೆ ಮೇಲೆ ಸೇರಿಸಿದಾರೆ.

ನಾನು: ಟ್ಯಾಂಕ್ ಎಲ್ಲಿ?

ನಾನು: ಮೇಲಿಂದ ಕೆಳಗೆ ಎರಡು ಸಲ ಓದ್ದೆ. ಟ್ಯಾಂಕ್ ಇಲ್ಲ. ನಮ್ಮನೇಲಿ ಅತೀ ಹೆಚ್ಚು ಹೊತ್ತು ಓಡಿದ ಆಟಾನೇ ಇಲ್ಲ.

ಬೆಂಗಳೂರು ತಮ್ಮ: ಅದು ಸಣ್ಣ ಆಟ ಕಣೋ. ಇಡೀ ಪ್ರಪಂಚದಲ್ಲಿ ಹೆಸರು ಮಾಡಿದ ಆಟಗಳ ಪಟ್ಟಿ ಇದು.

ನಾನು: ಪ್ರಪಂಚ ಅಲ್ಲ, ಅಮೆರಿಕ. ಕೇಳು. ನಿಂಟೆಂಡೋದವರು 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಂ ಅಂತ ಟಿವಿ ಗೇಮಿನ ಡಬ್ಬಿ ಬಿಟ್ರು. ಎರಡು ವರ್ಷ ಬಿಟ್ಟು ಅದನ್ನೇ ರೂಪ ಬದಲಾಯಿಸಿ ಅಮೆರಿಕಕ್ಕೆ ತಂದ್ರು. ಆಟ ತುಂಬಿ ಡಬ್ಬಿಗೆ ಹಾಕೋ ಕ್ಯಾಸೆಟ್ ಇರ್ತಿತ್ತಲ್ಲ, ಜಪಾನಿನದ್ದಕ್ಕೆ 60 ಪಿನ್, ಅಮೆರಿಕದ್ದಕ್ಕೆ 72. ನಮ್ಮನೇಲಿ ಇದ್ದಿದ್ದು ಫ್ಯಾಮಿಕಾಂನ ನಕಲು, 60 ಪಿನ್ನಿನ ಹಳದಿ ಕ್ಯಾಸೆಟ್ ಹಾಕದು. ನಮ್ಮ ಟ್ಯಾಂಕ್ ಆಟದ ನಿಜವಾದ ಹೆಸರು ಬ್ಯಾಟಲ್ ಸಿಟಿ. ನಾಮ್ಕೋ ಕಂಪನಿ 1985ರಲ್ಲಿ ಫ್ಯಾಮಿಕಾಂಗೆ ಮಾಡ್ತು. ಅಮೆರಿಕದ ಡಬ್ಬಿಗೆ ಅದು ಬರ್ಲೇ ಇಲ್ಲ. ಅವರ ಕೈಗೆ ಸಿಗದೇ ಇದ್ದ ಆಟ ಅವರ ಪಟ್ಟೀಲಿ ಇರಲ್ಲ, ಅದು ಅವರ ತಪ್ಪಲ್ಲ. ಆದ್ರೆ ನಾವೂ ಅದೇ ಪಟ್ಟಿ ಹಿಡ್ಕಂಡು ಹೌದು ಹೌದು ಅನ್ನದು ಎಂತಕ್ಕೆ?

ಸಾಗರದಣ್ಣ: 👏

ಬೆಂಗಳೂರು ತಮ್ಮ: ಅಲ್ಲಿ ಬರ್ಲಿಲ್ಲ ಅಂದ ಮಾತ್ರಕ್ಕೆ ಒಳ್ಳೇ ಆಟ ಆಗಲ್ವಲ್ಲ. ಮಾರಿಯೋ 3 ಒಂದ್ಸಲ ಕೂತು ಆಡು. ನಕ್ಷೆ ಇದೆ, ಯಾವ ದಾರಿ ಅಂತ ನೀನೇ ಆರಿಸ್ಕಬಹುದು. ಎಲೆ ತಗಂಡ್ರೆ ಬಾಲ ಬರತ್ತೆ, ಓಡಿ ಹಾರಿದ್ರೆ ಮೋಡದ ಮೇಲೆ ಹೋಗ್ತೀಯ. ಒಂದೊಂದು ಲೋಕಾನೂ ಬೇರೆ ಥರ. ಜೆಲ್ಡಾನಂತೂ ಕೇಳಲೇಬೇಡ, ಕಾಡು ಗುಹೆ ಎಲ್ಲಾ ಸುತ್ತತಾ ಸುತ್ತತಾ ನಾವೇ ದಾರಿ ಕಂಡ್ಕಬೇಕು. ನಾನು ಹಾಸ್ಟೆಲ್ಲಲ್ಲಿದ್ದಾಗ ಕಂಪ್ಯೂಟರಲ್ಲಿ ಹಾಕಿ ಪೂರ್ತಿ ಮುಗಿಸಿದೀನಿ.

ನಾನು: ಹಾಸ್ಟೆಲ್ಲಲ್ಲಿ ಮುಗಿಸ್ದೆ. ಅಲ್ಲೇ ಇದೆ ನೋಡು ಮಾತು. ಅಮೆರಿಕದ ಜೆಲ್ಡಾ ಕ್ಯಾಸೆಟ್ಟಿನೊಳಗೆ ಒಂದು ಬ್ಯಾಟರಿ ಇತ್ತು. ಆಡಿದ್ದು ಅದರಲ್ಲಿ ಉಳೀತಿತ್ತು, ನಾಳೆ ಅಲ್ಲಿಂದಲೇ ಶುರು ಮಾಡಬಹುದಿತ್ತು. ನಮ್ಮ ಹಳದಿ ಕ್ಯಾಸೆಟ್ಟಿಗೆ ಎಲ್ಲಿಂದ ಬಂತು ಬ್ಯಾಟರಿ? ಆರಿದ್ರಾ ಮಳೆ ಹಿಡ್ದ್ರೆ ಆಶ್ಲೇಷ ಮುಗಿಯ ತನಕ ನಮ್ಮಲ್ಲಿ ಕರೆಂಟಿಗೆ ಗ್ಯಾರಂಟಿ ಇರ್ಲಿಲ್ಲ. ಗಾಳಿಗೆ ಒಂದು ಮರ ಲೈನ್ ಮೇಲೆ ಬಿದ್ರೆ ಮುಗೀತು. ಮಾರಿಯೋ 3ರಲ್ಲೂ ಸೇವ್ ಇಲ್ಲ. ಐದನೇ ಲೋಕದ ತನಕ ಹೋಗಿ ಕರೆಂಟ್ ಹೋದ್ರೆ ಮತ್ತೆ ಮೊದಲಿಂದ. ಟ್ಯಾಂಕಲ್ಲಿ ಹಾಗಲ್ಲ, ಶುರುವಲ್ಲೇ ಎಷ್ಟನೇ ಹಂತ ಬೇಕು ಅಂತ ಆರಿಸ್ಕಬಹುದು. 35 ಹಂತ ಇದಾವೆ. ಕರೆಂಟ್ ಬಂದ ಕೂಡ್ಲೇ ನಿಲ್ಲಿಸಿದ ಹಂತದಿಂದಲೇ ಆಡಬಹುದು. ಆ ಮಳೆ, ಆ ಲೈನು, ಆ ಡಬ್ಬಿಗೆ ಯಾವುದು ಶ್ರೇಷ್ಠ ಅಂತ ಕೇಳು, ಆಮೇಲೆ ಪಟ್ಟಿ ಮಾಡು.

ಹೊಸನಗರ ಭಾವ: ಶರಾವತಿ ನೀರಲ್ಲಿ ಇಡೀ ರಾಜ್ಯಕ್ಕೆ ಕರೆಂಟ್ ಮಾಡೋ ಸೀಮೆ ನಮ್ದು. ನಮ್ಮನೇಲಿ ಮಾತ್ರ ಚಿಮಣಿ ದೀಪ.

ತೀರ್ಥಹಳ್ಳಿ ಅಕ್ಕ: ಭಾವ, ಆ ವಿಷಯ ಇನ್ನೊಂದಿನ. ನಾನು ಮೊದಲನೇ ಮಾರಿಯೋ ಪರ ಮಾತಾಡ್ತೀನಿ, ಯಾರೂ ಮಧ್ಯೆ ಬರಬೇಡಿ.

ತೀರ್ಥಹಳ್ಳಿ ಅಕ್ಕ: ಮೊದಲನೇ ಪರದೆ ನೆನಪು ಮಾಡ್ಕಳಿ. ಮಾರಿಯೋ ಎಡಗಡೆ ನಿಂತಿರ್ತಾನೆ, ಬಲಗಡೆ ಪೂರ್ತಿ ಖಾಲಿ. ಯಾರೂ ಹೇಳದೇ ಬಲಕ್ಕೆ ಹೋಗ್ತೀವಿ. ಮೇಲೆ ಪ್ರಶ್ನೆಚಿಹ್ನೆ ಮಿಣಮಿಣ ಅಂತಿರತ್ತೆ, ಕೆಳಗೆ ಕಂದು ಬಣ್ಣದ್ದು ಒಂದು ನಡ್ಕಂಡು ಬರತ್ತೆ. ಹೆದರಿ ಹಾರಿದ್ರೆ ತಲೆ ಆ ಪ್ರಶ್ನೆಚಿಹ್ನೆಗೆ ಬಡಿಯತ್ತೆ, ನಾಣ್ಯ ಬರತ್ತೆ. ಒಂದಕ್ಷರ ಓದದೇ ಆಟ ಬಂತು. ಅಜ್ಜಿಗೆ ಕನ್ನಡ ಓದಕ್ಕೇ ಕಷ್ಟ, ಅವಳಿಗೂ ಬಂತು. ನಿಂಟೆಂಡೋದ ಮಿಯಾಮೊಟೊ, ತೆಜುಕಾ ಇಬ್ಬರೂ ಕೂತು ಅದನ್ನ ಹಾಗೇ ಯೋಚನೆ ಮಾಡಿ ಮಾಡಿದ್ದು. ಮೋಡಾನೂ ಪೊದೆನೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ, ಅಷ್ಟು ಜಾಗ ಉಳಿಸಿದಾರೆ. ಒಟ್ಟು 40 ಕಿಲೋಬೈಟಲ್ಲಿ 32 ಹಂತ. ಕೋಜಿ ಕೊಂಡೋ ಮಾಡಿದ ಆ ರಾಗ ಇವತ್ತಿಗೂ ನನ್ನ ಮಗಳ ಫೋನಲ್ಲಿ ರಿಂಗಾಗತ್ತೆ. ಇನ್ನೆಂತ ಬೇಕು?

ಸಾಗರದಣ್ಣ: ಅಜ್ಜಿ ಜಗುಲಿ ಬಾಗಿಲಲ್ಲಿ ನಿಂತು "ಹಾರಾ ಹಾರಾ" ಅಂತಿದ್ಲು. ಅದು ನಿಜ.

ನಾನು: ಅಕ್ಕಾ, ಮಾರಿಯೋ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ನೋಡ್ತಾ ಕೂತೋರಿಗೂ ಅದು ಆಟ, ಇದನ್ನ ಬೇರೆ ಯಾವ ಆಟಕ್ಕೂ ಹೇಳಕ್ಕಾಗಲ್ಲ. ಆದ್ರೆ ಎರಡನೇ ಕಂಟ್ರೋಲರ್ ಹಿಡ್ದವನ ಗತಿ ಎಂತ? ಇಬ್ಬರೂ ಒಟ್ಟಿಗೆ ಆಡಕ್ಕಾಗಲ್ಲ, ಪಾಳಿ. ಮಾರಿಯೋ ಒಂದು ಪ್ರಾಣ ಕಳ್ಕಂಡ ಮೇಲೆ ಲುಯಿಜಿ. ನಿನ್ನ ಮಾರಿಯೋ ಸಾಯ್ತಾನೇ ಇರ್ಲಿಲ್ಲ. ನಾನು ಮನೇಲಿ ಸಣ್ಣವನು, ಲುಯಿಜಿ ಯಾವಾಗ್ಲೂ ನಾನೇ. ಟಿವಿ ನೋಡ್ಕಂಡು ಕೂರದು ಬಿಟ್ರೆ ನಂಗೆ ಬೇರೆ ಕೆಲಸ ಇರ್ಲಿಲ್ಲ.

ತೀರ್ಥಹಳ್ಳಿ ಅಕ್ಕ: ಹೌದು ಪಾಪ.

ಮಾಣಿ: ಇಬ್ಬರು ಒಟ್ಟಿಗೆ ಆಡದು ಬೇಕು ಅಂದ್ರೆ ಕಾಂಟ್ರಾ ಅಲ್ವಾ ಚಿಕ್ಕಪ್ಪ? ಅಪ್ಪ ಯಾವಾಗ್ಲೂ ಅದನ್ನೇ ಹೇಳದು

ಸಾಗರದಣ್ಣ: ಮಗ ಸರಿಯಾಗಿ ಹೇಳ್ದ. ಕೊನಾಮಿ ಕಂಪನಿ 1987ರಲ್ಲಿ ದುಡ್ಡು ಹಾಕಿ ಆಡೋ ಮಷೀನಿಗೆ ಬಿಡ್ತು, ಮರುವರ್ಷ ಮನೆ ಡಬ್ಬಿಗೆ ಬಂತು. ಇಬ್ಬರೂ ಒಂದೇ ಪರದೇಲಿ, ಹೆಗಲಿಗೆ ಹೆಗಲು. ಎಸ್ ಗನ್ ಸಿಕ್ಕಿದ್ರೆ ಗುಂಡು ಐದು ದಿಕ್ಕಿಗೆ ಹರಡಿ ಹೋಗತ್ತೆ. ಆ ಖುಷಿ ಯಾವ ಟ್ಯಾಂಕಿಂದ ಬರತ್ತೆ ಹೇಳು. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, ಈ ಸಾಲಲ್ಲಿ ಬಟನ್ ಒತ್ತಿದ್ರೆ 30 ಪ್ರಾಣ. ನನ್ನ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕೆಂಪು ಪೆನ್ನಲ್ಲಿ ಬರ್ಕಂಡಿದ್ದೆ.

ಮಾಣಿ: ಅದನ್ನ ಯಾಕೆ ಇಟ್ಟಿದ್ರು? ಚೀಟಿಂಗ್ ಅಲ್ವಾ

ಬೆಂಗಳೂರು ತಮ್ಮ: ಅದು ಕಾಂಟ್ರಾಕ್ಕೆ ಅಂತ ಹುಟ್ಟಿದ್ದಲ್ಲ. ಕಜುಹಿಸಾ ಹಶಿಮೊಟೊ ಅಂತ ಕೊನಾಮಿಯಲ್ಲಿ ಕೆಲಸಕ್ಕಿದ್ರು. 1986ರ ಗ್ರೇಡಿಯಸ್ ಆಟ ಫ್ಯಾಮಿಕಾಂಗೆ ತರೋವಾಗ ಪರೀಕ್ಷೆ ಮಾಡಕ್ಕೆ ಅವರಿಗೇ ಕಷ್ಟ ಆಯ್ತು. ಎಲ್ಲಾ ಶಕ್ತಿ ಒಟ್ಟಿಗೆ ಸಿಗಲಿ ಅಂತ ಈ ಬಟನ್ ಸಾಲು ಹಾಕ್ಕಂಡ್ರು, ಅದು ಆಟದಲ್ಲೇ ಉಳೀತು. ಅವರು 2020ರಲ್ಲಿ ತೀರ್ಕಂಡ್ರು.

ಮಾಣಿ: ಓ. ಮತ್ತೆ ಕಾಂಟ್ರಾದಲ್ಲಿ ತುಂಬಾ ಗುಂಡು ಬಂದಾಗ ಮಿನುಗಿ ಮಾಯ ಆಗ್ತಾವಲ್ಲ, ಅದು ಕ್ಯಾಸೆಟ್ ಹಾಳಾಗಿದ್ದಾ

ಬೆಂಗಳೂರು ತಮ್ಮ: ಕ್ಯಾಸೆಟ್ ಸರಿ ಇದೆ. ಆ ಡಬ್ಬಿ ಒಂದು ಅಡ್ಡಗೆರೇಲಿ 8 ಚಲಿಸೋ ತುಣುಕು ಮಾತ್ರ ತೋರಿಸತ್ತೆ. ಒಂಬತ್ತನೇದು ಬಂದ್ರೆ ಆಟ ಸರದಿ ಮೇಲೆ ಒಂದೊಂದನ್ನ ಬಿಡ್ತಾ ಹೋಗತ್ತೆ, ಅದಕ್ಕೆ ಮಿನುಗದು.

ನಾನು: ಅಣ್ಣಾ, ಹೆಗಲಿಗೆ ಹೆಗಲು ಅಂದ್ಯಲ್ಲ, ಮೂರನೇ ಹಂತದ ಜಲಪಾತ ಮರ್ತೋಯ್ತಾ? ನೀನು ಎಸ್ ಗನ್ ತಗಂಡು ಮೇಲ್ಮೇಲೆ ಹಾರ್ಕಂಡು ಹೋಗ್ತಿದ್ದೆ. ಪರದೆ ನಿನ್ನ ಜೊತೆ ಮೇಲೆ ಸರೀತಿತ್ತು. ನಾನು ಕೆಳಗಿನ ಬಂಡೆ ಮೇಲೆ ನಿಂತಿದ್ರೂ ಪರದೆ ಅಂಚು ದಾಟಿದ ಕೂಡ್ಲೇ ಸತ್ತೆ. ವೈರಿ ಕೊಂದಿದ್ದಲ್ಲ, ನೀನು ಕೊಂದಿದ್ದು. ನನ್ನ ಪ್ರಾಣ ಮುಗಿದ ಮೇಲೆ ನಿನ್ನ ಹತ್ರ ಒಂದು ಪ್ರಾಣ ಸಾಲ ತಗಂಡ್ರೆ ಕಂಟ್ರೋಲರ್ ಕಿತ್ಕತಿದ್ದೆ.

ಸಾಗರದಣ್ಣ: ನೀನು ನಿಧಾನ ಕಣೋ. ಜೋಗದ ಗುಂಡಿಗೆ ಇಳಿಯೋವಾಗ್ಲೂ ನೀನೇ ಕಡೇಲಿ.

ನಾನು: ನಿಧಾನ ಅಲ್ಲ, ಆ ಹಂತ ಇರೋದೇ ಹಾಗೆ. ಮುಂದೆ ಹೋಗೋನು ಹಿಂದಿರೋನನ್ನ ಕಾಯಬೇಕು. ಹತ್ತು ವರ್ಷದ ಹುಡುಗರು ಕಾಯಲ್ಲ. ಹಾಗಾಗಿ ಮನೇಲಿ ಒಬ್ಬ ಬಲವಂತ ಇದ್ರೆ ಕಾಂಟ್ರಾ ಅವನೊಬ್ಬನ ಆಟ ಆಗೋಗತ್ತೆ.

ನಾನು: ಟ್ಯಾಂಕಲ್ಲಿ ಪರದೆ ಸರಿಯಲ್ಲ. ಇಡೀ ಬಯಲು ಕಣ್ಣೆದುರು, 13 ಚೌಕ ಅಡ್ಡ, 13 ಚೌಕ ಉದ್ದ. ಕೆಳಗೆ ಮಧ್ಯದಲ್ಲಿ ನಾವು ಕಾಯಬೇಕಾದ ಹದ್ದು, ಅದರ ಸುತ್ತ ಇಟ್ಟಿಗೆ. ಮೇಲಿಂದ 20 ವೈರಿ ಟ್ಯಾಂಕ್ ಬರ್ತಾವೆ. ಒಬ್ಬ ಎಷ್ಟೇ ಚುರುಕಾಗಿದ್ರೂ ಎರಡೂ ಕಡೆ ಕಾಯಕ್ಕಾಗಲ್ಲ, ಹದ್ದು ಹೋದ್ರೆ ಇಬ್ಬರ ಆಟಾನೂ ಮುಗೀತು. ಹಾಗಾಗಿ ಅಣ್ಣ ತಮ್ಮನ್ನ ಬಿಟ್ಟು ಹೋಗಂಗಿಲ್ಲ. "ನೀ ಎಡಗಡೆ ನೋಡ್ಕ, ನಾ ಬಲಗಡೆ" ಅಂತ ಮಾತಾಡ್ಕಳ್ಳೇಬೇಕು. ನಿನ್ನ ಗುಂಡು ನಂಗೆ ತಾಗಿದ್ರೆ ನಾನು ಸಾಯಲ್ಲ, ಸ್ವಲ್ಪ ಹೊತ್ತು ಅಲ್ಲಾಡಕ್ಕಾಗದೇ ನಿಂತ್ಕತೀನಿ, ಅಷ್ಟರಲ್ಲಿ ವೈರಿ ಬಂದು ಹೊಡೀತಾನೆ. ಹೊಡ್ದವನಿಗೂ ನಷ್ಟ. ಸಲಿಕೆ ಸಿಕ್ಕಿದ್ರೆ ಹದ್ದಿನ ಸುತ್ತ ಉಕ್ಕಿನ ಗೋಡೆ. ನಕ್ಷತ್ರ ಮೂರು ಸಿಕ್ಕಿದ್ರೆ ಉಕ್ಕನ್ನೂ ಒಡೀಬಹುದು. ಆ ನಕ್ಷತ್ರ ಯಾರು ತಗಬೇಕು ಅಂತ ನಮ್ಮನೇಲಿ ಎಷ್ಟು ಪಂಚಾಯ್ತಿ ಆಗಿದೆ!

ಹೊಸನಗರ ಭಾವ: ನಕ್ಷತ್ರ ಯಾರಿಗೆ ಪ್ರಾಣ ಕಡಿಮೆ ಇದೆಯೋ ಅವರಿಗೆ. ಹಾಗಂತ ನಿಮ್ಮಪ್ಪ ತೀರ್ಮಾನ ಕೊಟ್ಟಿದ್ರು. ನಾನು ಆಗ ಮದುವೆ ಆಗಿ ಹೊಸದು.

ನಾನು: ಅಪ್ಪ ಬೇರೆ ಯಾವ ಆಟದ ವಿಷಯಕ್ಕೂ ಬಾಯಿ ಹಾಕಿದ್ದು ನಂಗೆ ನೆನಪಿಲ್ಲ. ಮತ್ತೆ ಕನ್‌ಸ್ಟ್ರಕ್ಷನ್ ಅಂತ ಇತ್ತಲ್ಲ, ಬಯಲನ್ನ ನಾವೇ ಕಟ್ಟದು. ಇಟ್ಟಿಗೆ, ಉಕ್ಕು, ಮರ, ನೀರು, ಮಂಜು. ನಾನೂ ಅಕ್ಕನೂ ಸೇರಿ ನಮ್ಮೂರನ್ನೇ ಕಟ್ಟಿದ್ವಿ. ಮಧ್ಯದಲ್ಲಿ ಅಡ್ಡಕ್ಕೆ ತುಂಗೆ. ನೀರಿನ ಮೇಲೆ ಟ್ಯಾಂಕ್ ಹೋಗಲ್ಲ, ಗುಂಡು ಮಾತ್ರ ದಾಟತ್ತೆ. ಹಂಗಾಗಿ ಒಂದು ಚೌಕ ಖಾಲಿ ಬಿಟ್ಟು ಅದನ್ನ ಸೇತುವೆ ಅಂದ್ವಿ. ಹೊಳೆ ಈಚೆ ದಡದಲ್ಲಿ ಪೂರ್ತಿ ಮರ, ಅದು ನಮ್ಮ ಅಡಿಕೆ ತೋಟ. ಮರದ ಅಡಿ ಹೋದ್ರೆ ಟ್ಯಾಂಕ್ ಕಾಣಲ್ಲ. ಅಕ್ಕ ತೋಟದೊಳಗೆ ಅಡಗಿ ಕೂತ್ಲು, ನಾನು ಸೇತುವೆ ಬಾಯಲ್ಲಿ ನಿಂತೆ, ದಾಟಿ ಬಂದ ಒಂದೊಂದು ಟ್ಯಾಂಕನ್ನೂ ಇಬ್ಬರೂ ಸೇರಿ ಹೊಡೆದ್ವಿ. 1985ರ 24 ಕಿಲೋಬೈಟಿನ ಆಟ ಅದು! ಭಾವ ದಿನಾ ಕಳಿಸೋ ಶುಭೋದಯದ ಒಂದು ಫೋಟೋದಷ್ಟೂ ತೂಕ ಇಲ್ಲ.

ತೀರ್ಥಹಳ್ಳಿ ಅಕ್ಕ: ಅಯ್ಯೋ ಆ ಸೇತುವೆ! ಕರೆಂಟ್ ಹೋದ ಮೇಲೆ ಮತ್ತೆ ಮೊದಲಿಂದ ಕಟ್ತಿದ್ವಿ. ನೀನು ನೀರು ಹಾಕೋವಾಗ ಬೇಕಂತಲೇ ಸೊಟ್ಟ ಹಾಕ್ತಿದ್ದೆ, ಹೊಳೆ ನೆಟ್ಟಗಿರಲ್ಲ ಅಂತ.

ಬೆಂಗಳೂರು ತಮ್ಮ: ಸರಿ, ಒಂದು ಒಪ್ತೀನಿ. 24 ಕಿಲೋಬೈಟ್ ಅನ್ನದು ದೊಡ್ಡ ಕಾರಣ. ಮಾರಿಯೋ 3 ಅಂದ್ರೆ 384. ಅಂಥದ್ದಕ್ಕೆ ಕ್ಯಾಸೆಟ್ಟಿನೊಳಗೆ ಬೇರೆ ಚಿಪ್ ಬೇಕು. ನಕಲಿ ಕ್ಯಾಸೆಟ್ ಮಾಡೋರು 84ರಿಂದ 86ರ ಸಣ್ಣ ಆಟಗಳನ್ನೇ ಹೆಚ್ಚು ತುಂಬ್ತಿದ್ರು, ಒಂದರಲ್ಲಿ ಎಷ್ಟೋ ಹಿಡಿಸ್ತಿದ್ವು. ಅದಕ್ಕೇ ನಮಗೆ ಎಲ್ಲಾ ಕ್ಯಾಸೆಟ್ಟಲ್ಲೂ ಟ್ಯಾಂಕ್, ರೋಡ್ ಫೈಟರ್, ಸರ್ಕಸ್, ಎಕ್ಸೈಟ್‌ಬೈಕ್, ಐಸ್ ಕ್ಲೈಂಬರ್ ಸಿಕ್ಕಿದ್ದು.

ಸಾಗರದಣ್ಣ: 9999 ಆಟ ಅಂತ ಬರ್ದಿರ್ತಿತ್ತು. ಕೆಳಗೆ ಹೋದಂಗೆ ಅದೇ ಆಟ, ಬೇರೆ ಹಂತದಿಂದ ಶುರು.

ಮಾಣಿ: ಟೆಟ್ರಿಸ್ ಬಗ್ಗೆ ಯಾರೂ ಮಾತಾಡ್ತಿಲ್ಲ. 2023 ಡಿಸೆಂಬರಲ್ಲಿ ಅಮೆರಿಕದ 13 ವರ್ಷದ ಹುಡುಗ ಇದೇ ಡಬ್ಬಿಯ ಟೆಟ್ರಿಸ್ಸನ್ನ 157ನೇ ಲೆವೆಲ್ ತನಕ ತಗಂಡೋಗಿ ಆಟಾನೇ ನಿಲ್ಲೋ ಹಾಗೆ ಮಾಡ್ದ. 1989ರಲ್ಲಿ ಬಂದ ಆಟ, ಅಲ್ಲಿ ತನಕ ಯಾವ ಮನುಷ್ಯನಿಗೂ ಆಗಿರ್ಲಿಲ್ಲ.

ನಾನು: ಭೇಷ್. ಅದು ಪಟ್ಟೀಲಿರ್ಲಿ ಮಾಣಿ, ನಾನು ತೆಗೀರಿ ಅನ್ನಲ್ಲ.

ಪುಟ್ಟತ್ತೆ: ನನ್ನ ಬಾತುಕೋಳಿ ಆಟ ಯಾರಿಗೂ ಬೇಡ್ವಾ? ಬಂದೂಕು ಹಿಡ್ದು ಹೊಡಿಯದು

ಪುಟ್ಟತ್ತೆ: ಅಡಿಗೆ ಮುಗಿಸಿ ಬಂದು ನಾನು ಆಡ್ತಿದ್ದಿದ್ದು ಅದೊಂದೇ. ಒಂದೂ ತಾಗ್ತಿರ್ಲಿಲ್ಲ

ಬೆಂಗಳೂರು ತಮ್ಮ: ಅತ್ತೆ, ಡಕ್ ಹಂಟ್, 1984. ಅದರಲ್ಲಿ ಒಂದು ಬಾತುಕೋಳಿ ಬರೋ ಆಟಕ್ಕೆ ಇನ್ನೊಬ್ಬರು ಕಂಟ್ರೋಲರ್ ಹಿಡಿದು ಬಾತುಕೋಳೀನ ನಡೆಸಬಹುದು. ಗೊತ್ತಿತ್ತಾ?

ಪುಟ್ಟತ್ತೆ: ಇಲ್ಲ

ಪುಟ್ಟತ್ತೆ: ಯಾರು ನಡೆಸ್ತಿದ್ದಿದ್ದು

ಸಾಗರದಣ್ಣ: ಈ ಸಂದೇಶವನ್ನು ಅಳಿಸಲಾಗಿದೆ

ತೀರ್ಥಹಳ್ಳಿ ಅಕ್ಕ: ಓದಾಯ್ತು ಅಣ್ಣಾ.

ಪುಟ್ಟತ್ತೆ: ದೊಡ್ಡಬ್ಬಕ್ಕೆ ಎಲ್ಲಾ ಬರ್ತೀರಲ್ಲ, ಡಬ್ಬಿ ತಗಂಡು ಬನ್ನಿ. ನಾನು ಮತ್ತೆ ಹೊಡೀತೀನಿ, ಬೇರೆ ಯಾರೂ ಕಂಟ್ರೋಲರ್ ಮುಟ್ಟಂಗಿಲ್ಲ

ಬೆಂಗಳೂರು ತಮ್ಮ: ಹೊಸ ಎಲ್ಇಡಿ ಟಿವಿಲಿ ಆ ಬಂದೂಕು ಕೆಲಸ ಮಾಡಲ್ಲ ಅತ್ತೆ. ಬಂದೂಕಿನ ಕುದುರೆ ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗತ್ತೆ, ಆಮೇಲೆ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಬರತ್ತೆ. ಬಂದೂಕಿನ ಒಳಗಿನ ಕಣ್ಣು ಕಪ್ಪು ಆದ್ಮೇಲೆ ಬಿಳಿ ಕಂಡ್ರೆ ತಾಗಿತು ಅಂತ ಲೆಕ್ಕ. ಹೊಸ ಟಿವಿ ಚಿತ್ರ ತೋರಿಸದು ಸ್ವಲ್ಪ ತಡ, ಅಷ್ಟರಲ್ಲಿ ಲೆಕ್ಕ ಮುಗಿದಿರತ್ತೆ. ದಪ್ಪ ಗಾಜಿನ ಹಳೇ ಟಿವಿನೇ ಬೇಕು.

ಹೊಸನಗರ ಭಾವ: ನಮ್ಮ ಅಟ್ಟದ ಮೇಲೆ ಇದೆ. ಅಡಿಕೆ ಚೀಲದ ಹಿಂದೆ. ಹೋದ ವರ್ಷ ಹಾಕಿ ನೋಡಿದ್ದೆ, ಚಿತ್ರ ಬರತ್ತೆ, ಬಣ್ಣ ಸ್ವಲ್ಪ ಹಸಿರು.

ನಾನು: ಸಾಕು ಭಾವ, ಜೀಪಲ್ಲಿ ಹಾಕ್ಕಂಡು ಬನ್ನಿ. ಕ್ಯಾಸೆಟ್ ನನ್ನ ಹತ್ರ ಇದೆ, ಪಿನ್ ಒರೆಸಿ ಇಡ್ತೀನಿ.

ಬೆಂಗಳೂರು ತಮ್ಮ: ಪಟ್ಟಿ ವಿಷಯ ಎಂತಾಯ್ತು ಹಾಗಾದ್ರೆ

ನಾನು: ಆ ಪಟ್ಟಿ ಅವರದ್ದು, ಇರ್ಲಿ. ನಮ್ಮನೆ ಪಟ್ಟೀಲಿ ಒಂದನೇದು ಟ್ಯಾಂಕ್. ಎರಡನೇದು ಅಕ್ಕನ ಮಾರಿಯೋ, ಅಜ್ಜಿ ಸಲುವಾಗಿ. ಕಾಂಟ್ರಾ ಮೂರನೇದು.

ಸಾಗರದಣ್ಣ: ಮೂರು ನಾನು ಒಪ್ಪಲ್ಲ. ಜಲಪಾತದಲ್ಲಿ ಕಾಯ್ತೀನಿ, ಬಾ, ಆಡಿ ನೋಡಿ ಆಮೇಲೆ ನಂಬರ್ ಹಾಕು.

ನಾನು: ಆಯ್ತು, ಆಡಾಣ. ಮೊದಲು ಟ್ಯಾಂಕ್.

ಮಾಣಿ: ಟ್ಯಾಂಕ್ ಫಸ್ಟ್ ಯಾರ್‍ಯಾರು

ನಾನು: ನೀನು, ಪುಟ್ಟತ್ತೆ. ಹಳದಿ ಟ್ಯಾಂಕ್ ಅತ್ತೆಗೆ ಕೊಡು, ನೀನು ಹಸಿರು. ಕೆಳಗೆ ನಿಂತು ಗುಂಡು ಹಾರಿಸೋವಾಗ ಹುಷಾರು, ನಮ್ಮ ಗುಂಡು ತಾಗಿದ್ರೂ ಹದ್ದು ಹೋಗತ್ತೆ.