ಕಿತ್ತ ಫರ್ನೇಸ್ ಇಟ್ಟಿಗೆ ಮತ್ತೆ ಬಳಸಬಹುದಾ?

ಪ್ರಶ್ನೆ: ಆರ್ಕ್ ಫರ್ನೇಸ್‌ನಿಂದ (ವಿದ್ಯುತ್ತಿನಿಂದ ಉಕ್ಕು ಕರಗಿಸುವ ಕುಲುಮೆ) ಕಿತ್ತ ಮೆಗ್ನೀಷಿಯಾ-ಕಾರ್ಬನ್ ಇಟ್ಟಿಗೆಯನ್ನು ಸುಮ್ನೆ ಬಿಸಾಡುತ್ತಿದ್ದೇವೆ. ಪುಡಿ ಮಾಡಿ ಫರ್ನೇಸಿಗೇ ಹಾಕಿದರೆ ಮೆಗ್ನೀಷಿಯಾಗಾಗಿ ಹಾಕುವ ಡೋಲೊಮೈಟ್ ಸುಣ್ಣದ ಖರ್ಚು ಉಳಿಯುತ್ತಾ, ಇಲ್ಲ ಸ್ಲ್ಯಾಗ್ (ಕರಗಿದ ಉಕ್ಕಿನ ಮೇಲೆ ತೇಲುವ ಕಿಟ್ಟ) ಕೆಡುತ್ತಾ?

ಉತ್ತರ 1: ಸ್ವಲ್ಪ ಉಳಿಯುತ್ತದೆ. ಸ್ಲ್ಯಾಗ್‌ಗೆ ಮೆಗ್ನೀಷಿಯಾ ಬೇಕೇ ಬೇಕು, ನೀವು ಕೊಡದಿದ್ದರೆ ಅದು ಲೈನಿಂಗನ್ನೇ (ಫರ್ನೇಸಿನ ಒಳಗೋಡೆಯ ಇಟ್ಟಿಗೆ) ತಿಂದು ತನ್ನ ಪಾಲು ತೆಗೆದುಕೊಳ್ಳುತ್ತದೆ. ಆದರೆ ಡೋಲೊಮೈಟ್‌ನಲ್ಲಿ ಸುಣ್ಣವೂ ಇರುತ್ತದೆ ಅಲ್ವಾ, ಇಟ್ಟಿಗೆಯಲ್ಲಿ ಅದಿಲ್ಲ. ಆ ಕೊರತೆಯನ್ನು ನೀವೇ ತುಂಬಬೇಕು.

ಉತ್ತರ 2: ಕಿತ್ತ ಇಟ್ಟಿಗೆಗಳನ್ನು ಬಗೆ ಬಗೆಯಾಗಿ ಬೇರ್ಪಡಿಸುವುದೇ ದೊಡ್ಡ ತಲೆನೋವು. ಅಲ್ಯುಮಿನಾ ಇಟ್ಟಿಗೆ ಜಾಸ್ತಿ ಬೆರೆತರೆ ಸ್ಲ್ಯಾಗ್ ತೆಳ್ಳಗಾಗಿ, ಆರ್ಕನ್ನು ಮುಚ್ಚಿ ಶಾಖ ಉಳಿಸುವ ನೊರೆ ನಿಲ್ಲುವುದಿಲ್ಲ. ಒಡೆಯುವಾಗಲೇ ಬೇರೆ ಬೇರೆ ಗುಡ್ಡೆ ಮಾಡಿ. ಮಳೆಗಂತೂ ಬಿಡಬೇಡಿ: ಅಲ್ಯುಮಿನಿಯಂ ಪುಡಿ ಸೇರಿಸಿ ಮಾಡಿದ ಇಟ್ಟಿಗೆ ಬಿಸಿಯಲ್ಲಿ ಕಾರ್ಬೈಡ್ (ಅಲ್ಯುಮಿನಿಯಂ ಮತ್ತು ಕಾರ್ಬನ್ ಸೇರಿದ ಸಂಯುಕ್ತ) ಕಟ್ಟಿಕೊಂಡಿರುತ್ತದೆ, ನೀರು ತಾಗಿದರೆ ಮೀಥೇನ್ ಬಿಡುತ್ತದೆ. ಒದ್ದೆ ಮಾಲು ಕರಗಿದ ಉಕ್ಕಿಗೆ ಬಿದ್ದರೆ ಸಿಡಿಯುತ್ತದೆ.

ಪ್ರಶ್ನೆ ಕೇಳಿದವರು: ಅಯ್ಯೋ, ನಮ್ಮ ಗುಡ್ಡೆ ಬಯಲಲ್ಲೇ ಇದೆ! ಮೊದಲು ಶೀಟ್ ಹೊದಿಸುತ್ತೇನೆ.