ಫೋನಿನ ಪಂಚಾಂಗದಲ್ಲಿ ತಿಥಿ ತಪ್ಪು ಬಂದರೆ ಸುಮ್ಮನಿರಬೇಡಿ, ಕಂಪನಿಗೆ ಬರೆಯಿರಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರು, ಮಕ್ಕಳಿಗೆ ತಿಥಿ ನಕ್ಷತ್ರ ಎಲ್ಲ ಹೇಳಿಕೊಡುವುದು ಹೇಗೆ, ಫೋನಿನ ಪಂಚಾಂಗ ನಂಬಬಹುದಾ ಅಂತ. ಉತ್ತರ ಬರೆಯಲು ಕೂತರೆ ಉದ್ದ ಆಯ್ತು, ಅದಕ್ಕೆ ಬೇರೆಯೇ ಹಾಕುತ್ತಿದ್ದೇನೆ. ನಾವು ಇರುವುದು ಟೊರೊಂಟೊದಲ್ಲಿ. ಈಗ ರಜೆಗೆ ಉಡುಪಿಗೆ ಬಂದಿದ್ದೇವೆ. ಅಮ್ಮನ ಮನೆ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ, ಪಕ್ಕದಲ್ಲಿ ರಥಬೀದಿಯಿಂದ ತಂದ ಪಂಚಾಂಗ ಉಂಟು.

ನಮ್ಮ ಅಪ್ಪನ ತಿಥಿ ಬರುವುದು ಕಾರ್ತಿಕ ಮಾಸದ ಕೃಷ್ಣಪಕ್ಷದಲ್ಲಿ. ಊರಲ್ಲಿ ಅಣ್ಣ ಭಟ್ರನ್ನು ಕರೆಸಿ ಮಾಡುತ್ತಾನೆ, ನಾನು ಟೊರೊಂಟೊದಿಂದಲೇ ತರ್ಪಣ ಕೊಡುತ್ತೇನೆ. ದಿನ ಮರೆಯಬಾರದು ಅಂತ ಒಂದು ಆ್ಯಪ್‌ನಲ್ಲಿ ಮಾಸ, ಪಕ್ಷ, ತಿಥಿ ಹಾಕಿ ಇಟ್ಟಿದ್ದೆ. ಅದು ಗುರುವಾರ ಅಂತ ತೋರಿಸಿತು. ಗುರುವಾರಕ್ಕೆ ರಜೆ ಹಾಕಿದೆ. ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಅಮ್ಮನಿಗೆ ಫೋನ್ ಮಾಡಿದರೆ ಅಲ್ಲಿ ಸಂಜೆ ಆರೂವರೆ. "ಎಲ್ಲ ಆಯ್ತಲ್ಲ ಮಗಾ, ಕಾಗೆಗೆ ಇಟ್ಟು, ಭಟ್ರು ಊಟ ಮಾಡಿ ಹೋಗಿಯೂ ಆಯ್ತು. ನಿನ್ನದು ಎಷ್ಟು ಹೊತ್ತಿಗೆ?" ಅಂದರು ಅಮ್ಮ. ನನಗೆ ಎದೆ ಧಸಕ್ ಅಂತು. ಆಫೀಸಿಗೆ ಹೇಳಿ ಅರ್ಧ ದಿನ ರಜೆ ತಗೊಂಡು, ಒಂದು ಗಂಟೆಗೆ ಮನೆಗೆ ಬಂದು ತರ್ಪಣ ಕೊಟ್ಟೆ. ಅಮ್ಮನಿಗೆ ಫೋನ್ ಮಾಡದೇ ಇದ್ದಿದ್ದರೆ ಆ ವರ್ಷ ಅಪ್ಪನ ದಿನ ತಪ್ಪಿಯೇ ಹೋಗುತ್ತಿತ್ತು. ಇದು ನನಗೆ ಸಣ್ಣ ವಿಷಯ ಅಲ್ಲ.

ರಾತ್ರಿ ಅಣ್ಣನಿಂದ ಊರಿನ ಪಂಚಾಂಗದ ಆ ಪುಟದ ಫೋಟೋ ತರಿಸಿದೆ. ಹದಿಮೂರು ವರ್ಷದ ಮಗಳು ಪಕ್ಕದಲ್ಲಿ ಕೂತಳು. ಗುರುವಾರದ ಸಾಲಿನಲ್ಲಿ ಆ ತಿಥಿಗೆ ಘಳಿಗೆ 0, ವಿಘಳಿಗೆ 45 ಅಂತ ಇತ್ತು. ಅವಳಿಗೆ ಅದು ಏನೂ ಅರ್ಥ ಆಗಲಿಲ್ಲ, ನಾನು ಹೇಳಿದೆ: ಒಂದು ದಿನಕ್ಕೆ 60 ಘಳಿಗೆ, ಒಂದು ಘಳಿಗೆ 24 ನಿಮಿಷ, ಒಂದು ವಿಘಳಿಗೆ 24 ಸೆಕೆಂಡು, ಎಣಿಕೆ ಶುರು ಆಗುವುದು ಸೂರ್ಯೋದಯದಿಂದ. ಅವಳೇ ಲೆಕ್ಕ ಹಾಕಿದಳು. 45 ವಿಘಳಿಗೆ ಅಂದರೆ 18 ನಿಮಿಷ. ಆ ದಿನ ಉಡುಪಿಯಲ್ಲಿ ಸೂರ್ಯೋದಯ 6:32ಕ್ಕೆ, ಹಾಗಾದರೆ ತಿಥಿ ಮುಗಿದದ್ದು 6:50ಕ್ಕೆ. ಆ್ಯಪ್‌ನಲ್ಲೂ ಮುಗಿಯುವ ಹೊತ್ತು ಅದೇ ಇತ್ತು! ಚಂದ್ರನ ಲೆಕ್ಕ ಸರಿ ಇತ್ತು, ಯಾವ ದಿನಕ್ಕೆ ಹಾಕಬೇಕು ಅನ್ನುವುದು ಮಾತ್ರ ತಪ್ಪಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿಯೇ ಎಲ್ಲರೂ ಎಡವುವುದು. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇಲ್ಲ, ಹಾಗಾಗಿ ಒಂದು ತಿಥಿ ಸುಮಾರು 20 ಗಂಟೆಯಿಂದ ಹೆಚ್ಚುಕಡಿಮೆ 27 ಗಂಟೆವರೆಗೂ ಇರಬಹುದು. ತಿಥಿ ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ. ಆದರೆ ಸೂರ್ಯೋದಯ ಊರಿಂದ ಊರಿಗೆ ಬೇರೆ. ಸಾಮಾನ್ಯವಾಗಿ ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದೇ ಆ ದಿನದ ತಿಥಿ. ಉಡುಪಿಯ ಗುರುವಾರ ಬೆಳಿಗ್ಗೆ 6:50 ಅಂದರೆ ಟೊರೊಂಟೊದಲ್ಲಿ ನವೆಂಬರ್ ಚಳಿಯ ಬುಧವಾರ ರಾತ್ರಿ 8:20. ನಮಗೆ ಗುರುವಾರ ಬೆಳಕು ಹರಿಯುವಾಗ ಆ ತಿಥಿ ಹೋಗಿ ಎಷ್ಟೋ ಹೊತ್ತಾಗಿರುತ್ತದೆ.

ಟೊರೊಂಟೊದ ಸೂರ್ಯೋದಯ ನೋಡದೇ ದಿನ ಹಾಕಿದ್ದು ಒಂದು ತಪ್ಪು. ಎರಡನೆಯ ತಪ್ಪು ಇನ್ನೂ ದೊಡ್ಡದು. ಶ್ರಾದ್ಧಕ್ಕೆ ನೋಡುವುದು ಸೂರ್ಯೋದಯದ ತಿಥಿ ಅಲ್ಲ, ಅಪರಾಹ್ನದ ತಿಥಿ. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯ ಪಾಲು ಅಪರಾಹ್ನ, ಉಡುಪಿಯಲ್ಲಿ ಆಗ ಸುಮಾರು ಒಂದೂವರೆಯಿಂದ ಮೂರು ಮುಕ್ಕಾಲು. ಗುರುವಾರ ಆ ಹೊತ್ತಿಗೆ ಉಡುಪಿಯಲ್ಲೂ ತಿಥಿ ಇರಲಿಲ್ಲ. ಭಟ್ರು ಬುಧವಾರ ಅಂದದ್ದು ಅದಕ್ಕೆ. ಅಂದರೆ ಆ್ಯಪ್ ಹೇಳಿದ ದಿನ ಊರಿಗೂ ಸರಿ ಇಲ್ಲ, ಟೊರೊಂಟೊಗೂ ಸರಿ ಇಲ್ಲ.

ಕೋಪದಲ್ಲಿ ಮೊದಲ ಮೇಲ್ ಬರೆದೆ, ನಿಮ್ಮ ದಿನಾಂಕ ತಪ್ಪು ಅಂತ ಎರಡೇ ಸಾಲು. ಬಂದ ಉತ್ತರವೂ ಎರಡು ಸಾಲು, ನಿಮ್ಮ ಪ್ರದೇಶದ ಪದ್ಧತಿ ಬೇರೆ ಇರಬಹುದು ಅಂತ. ಇನ್ನೊಮ್ಮೆ ಬರೆದರೆ, ನೀವು ಮಾಸ ತಪ್ಪಾಗಿ ಹಾಕಿದ್ದೀರಿ, ಅದು ಮಾರ್ಗಶಿರ ಅಂದರು. ಉತ್ತರ ಭಾರತದ ಕಡೆ ಹುಣ್ಣಿಮೆಗೆ ತಿಂಗಳು ಮುಗಿಸುತ್ತಾರೆ, ನಮ್ಮಲ್ಲಿ ಅಮಾವಾಸ್ಯೆಗೆ. ಹಾಗಾಗಿ ನಮ್ಮ ಕಾರ್ತಿಕ ಕೃಷ್ಣಪಕ್ಷ ಅವರ ಲೆಕ್ಕದಲ್ಲಿ ಮಾರ್ಗಶಿರ. ನಾನು ಅಮಾಂತವನ್ನೇ, ಅಂದರೆ ಅಮಾವಾಸ್ಯೆಗೆ ಮುಗಿಯುವ ತಿಂಗಳನ್ನೇ ಆರಿಸಿದ್ದೆ, ಉತ್ತರ ಬರೆದವರು ಅದನ್ನು ನೋಡಿಯೇ ಇರಲಿಲ್ಲ.

ಮೂರನೆಯದನ್ನು ಮಗಳೂ ನಾನೂ ಕೂತು ಬರೆದೆವು, ಒಂದು ಭಾನುವಾರ ಪೂರ್ತಿ ಬೇಕಾಯ್ತು. ಫೋನಿನಲ್ಲಿ ಆರಿಸಿದ ಊರು, ಟೈಮ್ ಝೋನ್, ಆ್ಯಪ್‌ನ ವರ್ಷನ್, ಸೆಟ್ಟಿಂಗ್ಸ್ ಪುಟದ ಸ್ಕ್ರೀನ್‌ಶಾಟ್. ತಿಥಿ ಮುಗಿಯುವ ಹೊತ್ತನ್ನು ಇಡೀ ಜಗತ್ತಿಗೆ ಒಂದೇ ಆದ ಯುಟಿಸಿ ಸಮಯದಲ್ಲೇ ಕೊಟ್ಟೆವು, ಗುರುವಾರ 1:20 ಅಂತ. ಇಲ್ಲದಿದ್ದರೆ ಅವರು ಯಾವ ಊರಿನ ಗಡಿಯಾರ ಅಂತ ತಿರುಗಿ ಕೇಳುತ್ತಾರೆ. ಅದರ ಕೆಳಗೆ ಎರಡೂ ಊರಿನ ಸೂರ್ಯೋದಯ, ಅಪರಾಹ್ನ, ಪಂಚಾಂಗದ ಫೋಟೋ. ಕೊನೆಗೆ ಮಗಳ ಮಾತಿನಲ್ಲೇ ಒಂದು ಸಾಲು: ಊರನ್ನು ಟೊರೊಂಟೊದಿಂದ ಉಡುಪಿಗೆ ಬದಲಾಯಿಸಿ ನೋಡಿ, ಸೂರ್ಯೋದಯ ಬದಲಾಗುತ್ತದೆ, ತಿಥಿಯ ದಿನ ಬದಲಾಗುವುದೇ ಇಲ್ಲ.

ಆ ಸಾಲೇ ಕೆಲಸ ಮಾಡಿತು. ಈ ಸಲ ಉತ್ತರ ಬಂದದ್ದು ಎಂಜಿನಿಯರ್ ಒಬ್ಬರಿಂದ. ದಿನಗಳ ಪಟ್ಟಿಯನ್ನು ಭಾರತದ ಒಂದು ಊರಿಗೆ ಲೆಕ್ಕ ಹಾಕಿ ಅದನ್ನೇ ಎಲ್ಲ ದೇಶಗಳಿಗೂ ತೋರಿಸುತ್ತಿದ್ದರಂತೆ. ಒಪ್ಪಿಕೊಂಡರು, ಸರಿ ಮಾಡಿದರು. ಮೊದಲ ಮೇಲ್‌ನಿಂದ ಅಲ್ಲಿಗೆ ಏಳು ವಾರ. ಅಪರಾಹ್ನದ ಲೆಕ್ಕ ಮಾತ್ರ ಇನ್ನೂ ಬಂದಿಲ್ಲ, ನಾನು ಬಿಟ್ಟಿಲ್ಲ.

ಬರೆಯುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಎಲ್ಲ ವ್ಯತ್ಯಾಸವೂ ತಪ್ಪಲ್ಲ. 2025ರಲ್ಲಿ ಕೃಷ್ಣ ಜನ್ಮಾಷ್ಟಮಿ ವಿಷಯಕ್ಕೆ ಈ ಗುಂಪಿನಲ್ಲಿ ಎಷ್ಟು ಜಗಳ ಆಯ್ತು ನೆನಪುಂಟಲ್ಲ? ಹೆಚ್ಚಿನ ಕಡೆ ಆಗಸ್ಟ್ 16, ಉಡುಪಿ ಕೃಷ್ಣ ಮಠದಲ್ಲಿ ಸೆಪ್ಟೆಂಬರ್ 14, ಮರುದಿನ ಮೊಸರು ಕುಡಿಕೆ ಒಡೆಯುವ ವಿಟ್ಲಪಿಂಡಿ ಉತ್ಸವ. ಉಡುಪಿಯದು ಸೌರಮಾನ, ಅಂದರೆ ಸೂರ್ಯ ಇರುವ ರಾಶಿ ನೋಡಿ ತಿಂಗಳು ಎಣಿಸುವುದು, ಹಾಗಾಗಿ ಸೂರ್ಯ ಸಿಂಹ ರಾಶಿಗೆ ಬಂದ ಮೇಲಿನ ಕೃಷ್ಣಾಷ್ಟಮಿ ಬೇಕು. ಆ ವರ್ಷ ಸಿಂಹ ಸಂಕ್ರಮಣ ಆದದ್ದೇ ಆಗಸ್ಟ್ 17ಕ್ಕೆ, ಒಂದು ದಿನದಲ್ಲಿ ತಪ್ಪಿಹೋಗಿ ಹಬ್ಬ ಮುಂದಿನ ತಿಂಗಳಿಗೆ ಹೋಯಿತು. ಏಕಾದಶಿಯೂ ಹಾಗೆಯೇ. ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮೊದಲು, ಅಂದರೆ 96 ನಿಮಿಷ ಮೊದಲು ದಶಮಿ ಇನ್ನೂ ಉಳಿದಿದ್ದರೆ ಮಾಧ್ವರು ಆ ದಿನ ಉಪವಾಸ ಮಾಡುವುದಿಲ್ಲ, ಮರುದಿನ ಮಾಡುತ್ತಾರೆ. ಇದಕ್ಕೆಲ್ಲ ಕಂಪನಿಗೆ ತಪ್ಪು ಅಂತ ಬರೆದರೆ ನಮ್ಮ ಮಾತಿನ ತೂಕ ಹೋಗುತ್ತದೆ. ಇಂಥ ಕಡೆ ಬೇಕಾದ ಪದ್ಧತಿ ಆರಿಸುವ ಅವಕಾಶ ಕೊಡಿ ಅಂತ ಕೇಳಬೇಕು.

ಒಬ್ಬರು ಬರೆದಿದ್ದರು, ಇಷ್ಟೆಲ್ಲ ಯಾಕೆ, ಹೇಗೂ ನಾವು ಹಬ್ಬ ಮಾಡುವುದು ಶನಿವಾರ ಅಲ್ವಾ ಅಂತ. ಹಬ್ಬದೂಟ ಶನಿವಾರವೇ ಇರಲಿ, ನಮ್ಮ ಮನೆಯಲ್ಲೂ ಹಾಗೆಯೇ. ಆದರೆ ಹಬ್ಬ ನಿಜಕ್ಕೂ ಯಾವ ದಿನ ಅನ್ನುವುದು ಮಕ್ಕಳಿಗೆ ಗೊತ್ತಿರಬೇಕು. ನಮಗೆ ಕೇಳಲು ಅಮ್ಮ ಇದ್ದಾರೆ, ಭಟ್ರು ಇದ್ದಾರೆ. ನನ್ನ ಮಗಳಿಗೆ ಮುಂದೆ ಇರುವುದು ಈ ಫೋನ್ ಒಂದೇ, ಅದರಲ್ಲಿ ತಪ್ಪು ದಿನ ಬಂದರೆ ಅವಳಿಗೆ ಅದೇ ಸರಿ. ಅದಕ್ಕೆ ನನಗೆ ಇಷ್ಟು ಹಟ. ನಿನ್ನೆ ಅವಳು ಅಜ್ಜಿ ಹತ್ತಿರ ಕೂತು ಪಂಚಾಂಗದ ಘಳಿಗೆಯನ್ನೆಲ್ಲ ಗಂಟೆ ಮಾಡಿ ಹೇಳುತ್ತಿದ್ದಳು. ಅಮ್ಮ ಕನ್ನಡಕ ತೆಗೆದು ಅವಳ ಮುಖವನ್ನೇ ನೋಡುತ್ತಾ ಕೂತಿದ್ದರು.

ಈಗ ನನಗೆ ನಿಮ್ಮಿಂದ ಒಂದು ಸಹಾಯ ಬೇಕು. ಮುಂದಿನ ಏಕಾದಶಿಗೆ ನಿಮ್ಮ ನಿಮ್ಮ ಊರಿನ ಸೂರ್ಯೋದಯ, ನಿಮ್ಮ ಆ್ಯಪ್ ತೋರಿಸುವ ತಿಥಿ ಮುಗಿಯುವ ಹೊತ್ತು, ಅದು ಹೇಳುವ ದಿನ, ಇಷ್ಟನ್ನು ಕೆಳಗೆ ಬರೆಯಿರಿ. ಮೆಲ್ಬರ್ನ್, ಆಕ್ಲೆಂಡ್ ಕಡೆಯವರು ಖಂಡಿತ ಬರೆಯಿರಿ, ನಿಮ್ಮಲ್ಲಿ ಸೂರ್ಯ ಭಾರತಕ್ಕಿಂತ ಮೊದಲು ಹುಟ್ಟುವುದರಿಂದ ತಪ್ಪು ಬಂದರೆ ಆಚೆ ಕಡೆಗೆ, ಅಂದರೆ ಒಂದು ದಿನ ಮೊದಲಿಗೆ ಬರುತ್ತದೆ, ನನ್ನ ಹತ್ತಿರ ಅಂಥ ಉದಾಹರಣೆ ಒಂದೂ ಇಲ್ಲ. ಎಲ್ಲ ಬಂದ ಮೇಲೆ ಮಗಳು ಯುಟಿಸಿಗೆ ಬದಲಾಯಿಸಿ ಒಂದೇ ಮೇಲ್ ಮಾಡಿ ಕಳಿಸುತ್ತಾಳೆ.