ಬಾಯಿ ಒಣಗಿದರೆ ಹಲ್ಲು ಯಾಕೆ ಹುಳುಕಾಗುತ್ತದೆ? ದಂತವೈದ್ಯರ ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರ್. ಅಮ್ಮನಿಗೆ 62 ವರ್ಷ. ಹಲ್ಲು ಚೆನ್ನಾಗೇ ಇದ್ದವು. ಒಂದು ವರ್ಷದಿಂದ ಅಲರ್ಜಿ ಮಾತ್ರೆ, ಜೊತೆಗೆ ಖಿನ್ನತೆಗೆ ಒಂದು ಮಾತ್ರೆ ನಡೆಯುತ್ತಿದೆ. ಈಗ ಯಾವಾಗಲೂ ಬಾಯಿ ಒಣಗಿರುತ್ತದೆ. ಆರು ತಿಂಗಳಲ್ಲಿ ಮೂರು ಹಲ್ಲು ಹುಳುಕಾಗಿವೆ, ಅದೂ ವಸಡಿನ ಅಂಚಿನಲ್ಲಿ. ದಿನವಿಡೀ ನೀರು ಕುಡಿಯುತ್ತಾರೆ. ಜೊಲ್ಲು ಅಂದ್ರೆ ನೀರೇ ಅಲ್ವಾ?

ಉತ್ತರ: ನಮಸ್ಕಾರ. ಜೊಲ್ಲಿನಲ್ಲಿ ಶೇಕಡಾ 99ರಷ್ಟು ನೀರೇ, ನಿಜ. ಆದರೆ ಹಲ್ಲನ್ನು ಕಾಯುವ ಕೆಲಸದಲ್ಲಿ ಹೆಚ್ಚಿನದನ್ನು ಮಾಡುವುದು ಉಳಿದ ಆ ಒಂದು ಭಾಗ.

ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕರಗತೊಡಗುತ್ತದೆ. ಆಗ ಜೊಲ್ಲಿನಲ್ಲಿರುವ ಬೈಕಾರ್ಬನೇಟ್ ಆಮ್ಲದ ಶಕ್ತಿ ಮುರಿಯುತ್ತದೆ. ಕ್ಯಾಲ್ಸಿಯಂ, ಫಾಸ್ಫೇಟ್ ಹಲ್ಲಿಗೆ ಮರಳಿ ಸೇರುತ್ತವೆ. ಈ ಕರಗುವುದು, ಕೂಡಿಕೊಳ್ಳುವುದು ನಮ್ಮೆಲ್ಲರ ಬಾಯಲ್ಲೂ ಪ್ರತಿದಿನ ನಡೆಯುತ್ತದೆ. ಜೊಲ್ಲು ಕಡಿಮೆಯಾದಾಗ ಕರಗುವುದೇ ಜಾಸ್ತಿ. ನೀರು ಬಾಯಿ ತೊಳೆಯುತ್ತದೆ, ಆದರೆ ಕಳೆದುಹೋದದ್ದನ್ನು ತುಂಬಿಕೊಡುವುದಿಲ್ಲ.

ವಸಡಿನ ಅಂಚಿಗೂ ಕಾರಣ ಇದೆ. ವಯಸ್ಸಾದಂತೆ ವಸಡು ಸರಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿಗೆ ಎನಾಮೆಲ್ ಹೊದಿಕೆ ಇಲ್ಲ. ಅದು ಎನಾಮೆಲ್‌ಗಿಂತ ಬೇಗ ಕರಗುತ್ತದೆ.

ಇನ್ನು ಮಾತ್ರೆ. ಜೊಲ್ಲಿನ ಗ್ರಂಥಿಗಳು ತಾವಾಗಿಯೇ ಸುರಿಸುವುದು ಕಡಿಮೆ, ನರಗಳು ಹೇಳಬೇಕು. ಅಲರ್ಜಿಯ ಹಲವು ಮಾತ್ರೆಗಳು, ಖಿನ್ನತೆಯ ಕೆಲವು ಮಾತ್ರೆಗಳು ಆ ಸಂದೇಶವನ್ನೇ ತಡೆಯುತ್ತವೆ. ಎರಡೂ ಕೂಡಿದರೆ ಒಣಗುವುದು ಇನ್ನೂ ಹೆಚ್ಚು. ದಯವಿಟ್ಟು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಎಷ್ಟೋ ಸಲ ಬೇರೆ ಮಾತ್ರೆ ಸಿಗುತ್ತದೆ.

ಇನ್ನೊಬ್ಬ ಸದಸ್ಯರು: ಡಾಕ್ಟರ್, ನನ್ನದು ಬೇರೆ ತೊಂದರೆ. ಊಟ ಶುರು ಮಾಡಿದ ಕೂಡಲೇ ಬಲಗಡೆ ದವಡೆಯ ಕೆಳಗೆ ಊದಿಕೊಂಡು ನೋಯುತ್ತದೆ. ಒಂದೆರಡು ಗಂಟೆಯಲ್ಲಿ ಇಳಿದುಹೋಗುತ್ತದೆ.

ಉತ್ತರ: ನೀವು ಹೇಳಿದ್ದು ಕೇಳಿದರೆ ಜೊಲ್ಲಿನ ಕೊಳವೆಯಲ್ಲಿ ಕಲ್ಲು ಇರಬಹುದು ಅನಿಸುತ್ತದೆ. ದೊಡ್ಡ ಗ್ರಂಥಿಗಳು ಮೂರು ಜೊತೆ: ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ. ತುಟಿ, ಕೆನ್ನೆ, ಅಂಗುಳಲ್ಲಿ ನೂರಾರು ಪುಟ್ಟವೂ ಇವೆ. ಎಲ್ಲಾ ಸೇರಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು.

ಕಲ್ಲು ಹೆಚ್ಚಾಗಿ ಆಗುವುದು ದವಡೆ ಕೆಳಗಿನ ಗ್ರಂಥಿಯಲ್ಲೇ. ಅದರ ಜೊಲ್ಲು ಮಂದ, ಕೊಳವೆ ಉದ್ದ, ಸಾಲದ್ದಕ್ಕೆ ಮೇಲಕ್ಕೆ ಹತ್ತಿ ನಾಲಿಗೆಯ ಅಡಿಗೆ ಬರಬೇಕು. ಊಟದ ಹೊತ್ತಿಗೆ ಜೊಲ್ಲು ಜೋರಾಗಿ ಬರುತ್ತದೆ, ದಾರಿ ಕಟ್ಟಿದ್ದರೆ ಗ್ರಂಥಿ ಊದುತ್ತದೆ. ಸ್ಕ್ಯಾನ್ ಮಾಡಿಸಿ. ಜ್ವರ, ಕೀವು ಬಂದರೆ, ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಊಟಕ್ಕೂ ಅದಕ್ಕೂ ಸಂಬಂಧವಿಲ್ಲದೆ ಒಂದೇ ಸಮ ಉಳಿಯುವ ಗಂಟಾದರೆ ಅದು ಬೇರೆಯೇ ವಿಷಯ, ಸುಮ್ನೆ ಕಾಯಬೇಡಿ.

ಮೊದಲು ಕೇಳಿದವರು: ಧನ್ಯವಾದ ಡಾಕ್ಟರ್. ಒಂದು ಹೇಳಲು ಮರೆತೆ. ಬಾಯಿ ಒಣಗುತ್ತದೆ ಅಂತ ಅಮ್ಮ ದಿನವಿಡೀ ಪೆಪ್ಪರ್‌ಮಿಂಟ್ ಚೀಪುತ್ತಾರೆ. ರಾತ್ರಿ ಮಲಗುವಾಗಲೂ.

ಉತ್ತರ: ಹೇಳಿದ್ದು ಒಳ್ಳೆಯದಾಯಿತು, ಮೂರು ಹುಳುಕಿಗೆ ಅದೇ ದೊಡ್ಡ ಕಾರಣ ಇರಬೇಕು. ನಿದ್ದೆಯಲ್ಲಿ ಯಾರಿಗೇ ಆದರೂ ಜೊಲ್ಲು ಬರುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಆ ಹೊತ್ತಿಗೆ ಹಲ್ಲಿಗೆ ಸಕ್ಕರೆ ಮೆತ್ತಿದ್ದರೆ ತೊಳೆಯುವವರು ಯಾರೂ ಇರುವುದಿಲ್ಲ.

ಇವತ್ತಿನಿಂದಲೇ ಅದನ್ನು ಬಿಡಿಸಿ. ಬೇಕಿದ್ದರೆ ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಕೊಡಿ. ಅಗಿಯುವುದರಿಂದಲೇ ಗ್ರಂಥಿಗಳಿಗೆ ಚುರುಕು ಬರುತ್ತದೆ. ರಾತ್ರಿ ಫ್ಲೋರೈಡ್ ಪೇಸ್ಟ್‌ನಿಂದ ಹಲ್ಲುಜ್ಜಿ ಉಗುಳಲಿ, ಆಮೇಲೆ ನೀರು ಮುಕ್ಕಳಿಸುವುದು ಬೇಡ. ಹೆಚ್ಚು ಫ್ಲೋರೈಡ್ ಇರುವ ಪೇಸ್ಟ್ ಬೇಕಾ ಅಂತ ನಿಮ್ಮ ದಂತವೈದ್ಯರು ನೋಡಿ ಹೇಳುತ್ತಾರೆ. ಅಲ್ಲಿಗೆ ಹೋಗುವಾಗ ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗಿ. ಶುಗರ್ ಪರೀಕ್ಷೆಯೂ ಆಗಲಿ. ಅಮ್ಮನಿಗೆ ಕಣ್ಣೂ ಒಣಗಿ ಉರಿಯುತ್ತದೆಯಾ? ಹೌದಾದರೆ ಇಲ್ಲಿ ಬರೆಯಿರಿ, ಅದಕ್ಕೆ ಬೇರೆ ಪರೀಕ್ಷೆ ಬೇಕಾಗುತ್ತದೆ.